ಹಲಗೆಗೆ ಒಪ್ಪುವ ಬಿಲ್ಲು

ತೆಂಗಿನ ಗರಿಯಿಂದ ಸೀಳಿದ ಒಂದು ಕಡ್ಡಿ, ಒಂದು ಮೊಳ ದಾರ. ಹಳ್ಳಿ ಹುಡುಗರ ಮೊದಲ ಬಿಲ್ಲಿಗೆ ಇಷ್ಟೇ ಸಾಮಗ್ರಿ. ದಾರ ಬಿಗಿದು ಎಳೆದರೆ ಕಡ್ಡಿಯ ತೆಳು ತುದಿ ಬಾಗಿ ಬಳುಕುತ್ತದೆ. ದಪ್ಪ ಬುಡ ಮಾತ್ರ ಸೆಟೆದು ನಿಲ್ಲುತ್ತದೆ. ಬಾಣ ಎತ್ತಲೋ ಹೋಗುತ್ತದೆ. ಅವರಲ್ಲೊಬ್ಬ ಚುರುಕು ಹುಡುಗ ಬುಡದ ಕಡೆಯನ್ನು ಬ್ಲೇಡಿನಿಂದ ಕೆರೆದು ತೆಳ್ಳಗೆ ಮಾಡುತ್ತಾನೆ. ಬಿಲ್ಲು ಮಾಡುವವರ ಅತಿ ಹಳೆಯ ಕೆಲಸಕ್ಕೆ ತಾನು ಕೈಹಾಕಿದ್ದೇನೆ ಎಂಬುದು ಅವನಿಗೆ ತಿಳಿಯದು. ಮರ ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು, ಎಲ್ಲಿ ಬಾಗಲೇಬಾರದು ಎಂದು ತೀರ್ಮಾನಿಸುವ ಕೆಲಸ ಅದು.

ಇದೇ ಆಟವನ್ನು ದೊಡ್ಡವರು ಅಂಗಡಿಯಿಂದ ತಂದ ಹಲಗೆಯ ಮೇಲೆ ಆಡುವ ಹವ್ಯಾಸ ಅಮೆರಿಕದಲ್ಲಿ ಚೆನ್ನಾಗಿ ಬೇರೂರಿದೆ. ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ರೆಡ್ ಓಕ್ ಮರದ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ಕಪಾಟಿಗೆ, ಮೆಟ್ಟಿಲಿಗೆ, ಬಾಗಿಲ ಅಂಚಿಗೆಂದು ಕೊಯ್ದು ಒಣಗಿಸಿದ ಮಾಲು ಅದು. ‘ಒಂದು ಇಂಟು ಎರಡು’ ಎಂದು ಮಾರುವ ಪಟ್ಟಿಯನ್ನು ಅಳೆದರೆ ಸಿಗುವುದು ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ. ಟಿಂಬರ್ ಡಿಪೋದಲ್ಲಿ ಬಾಯಲ್ಲಿ ಹೇಳುವ ಅಳತೆಯೇ ಬೇರೆ, ಕೈಗೆ ಬರುವ ಅಳತೆಯೇ ಬೇರೆ ಎಂದು ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಒಳ್ಳೆಯ ಬಿಲ್ಲಿಗೆ ಯೂ ಮರವೋ ಒಸೇಜ್ ಆರೆಂಜ್ ಮರವೋ ಬೇಕು, ಅದರ ದಿಮ್ಮಿಯನ್ನು ಸೀಳಿ ವರ್ಷಗಟ್ಟಲೆ ಒಣಗಿಸಬೇಕು ಎಂಬ ನಂಬಿಕೆ ಬಹುಕಾಲ ಇತ್ತು. 1992ರಲ್ಲಿ ‘ದಿ ಟ್ರೆಡಿಷನಲ್ ಬೋಯರ್ಸ್ ಬೈಬಲ್’ ಎಂಬ ಪುಸ್ತಕಮಾಲೆಯ ಮೊದಲ ಸಂಪುಟ ಹೊರಬಂತು. ಅದರ ಲೇಖಕರಲ್ಲಿ ಒಬ್ಬರಾದ ಟಿಮ್ ಬೇಕರ್ ಈ ನಂಬಿಕೆಯನ್ನು ಅಲುಗಾಡಿಸಿದರು. ಓಕ್, ಮೇಪಲ್, ಆಶ್, ಹಿಕರಿಯಂಥ ಸಾಧಾರಣ ಮರಗಳೂ ತಮಗೆ ತಕ್ಕ ಆಕಾರ ಸಿಕ್ಕರೆ ಹೆಸರಾಂತ ಮರಗಳಿಗೆ ಸಾಟಿಯಾಗುತ್ತವೆ ಎಂಬುದು ಅವರ ವಾದ. ತಪ್ಪು ಮರದಲ್ಲಲ್ಲ, ಆ ಮರಕ್ಕೆ ಒಪ್ಪದ ಆಕಾರ ಕೊಡುವುದರಲ್ಲಿದೆ.

ಒಪ್ಪದ ಆಕಾರ ಯಾವುದು? ಹೊಸಬರು ಮೊದಲು ಆಸೆಪಡುವ ಆಕಾರವೇ ಅದು: ರಾಬಿನ್ ಹುಡ್ ಕೈಯಲ್ಲಿ ಸಿನಿಮಾದವರು ಕೊಡುವ ಇಂಗ್ಲಿಷ್ ಲಾಂಗ್‌ಬೋ. ಕಿರಿದಾದ, ಉದ್ದನೆಯ, ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿದ ಬಿಲ್ಲು. ಇದರ ಅಸಲಿ ಮಾದರಿಗಳು ಇಂದಿಗೂ ಇವೆ. ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರ ಜುಲೈಯಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಮುಳುಗಿತು. ಅದರ ಒಡಲನ್ನು 1982ರಲ್ಲಿ ಮೇಲೆತ್ತಲಾಯಿತು. ಆ ಶೋಧದಲ್ಲಿ ಕೆಸರಿನಲ್ಲಿ ಕೆಡದೆ ಉಳಿದ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು ಸಿಕ್ಕವು. ಹೆಚ್ಚಿನವು ಆರಡಿ ಮೀರಿದವು. ಎಳೆಯಲು ನೂರು ಪೌಂಡಿನಿಂದ ನೂರ ಎಂಬತ್ತೈದು ಪೌಂಡಿನವರೆಗೂ ಬಲ ಬೇಕಿತ್ತೆಂದು ತಜ್ಞರ ಅಂದಾಜು. ಇಂದಿನ ಹವ್ಯಾಸಿ ಎಳೆಯುವುದು ಮೂವತ್ತೈದೋ ನಲವತ್ತೋ ಪೌಂಡು.

ಆ ಬಿಲ್ಲಿಗೆ ಆ ಆಕಾರ ಹೊಂದಿದ್ದು ಯೂ ಮರದ ಗುಣದಿಂದ. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವ ಮೈ, ಅಂದರೆ ಹೊಟ್ಟೆ, ಕುಗ್ಗುತ್ತದೆ. ಯೂ ಮರದ ಹೊರಪದರದ ಬಿಳಿ ಮರ ಹಿಗ್ಗನ್ನು ತಾಳುತ್ತದೆ, ಒಳಗಿನ ಕೆಂಪು ಚೇಗು ಕುಗ್ಗನ್ನು ತಾಳುತ್ತದೆ. ಎರಡೂ ಒಂದೇ ದಿಮ್ಮಿಯಲ್ಲಿ ಬೆನ್ನಿಗೆ ಬೆನ್ನು ಹತ್ತಿ ಬೆಳೆದಿರುತ್ತವೆ. ಕಪಾಟಿಗೆಂದು ಕೊಯ್ದ ಓಕ್ ಹಲಗೆಯಲ್ಲಿ ಈ ಭಾಗ್ಯ ಎಲ್ಲಿಂದ ಬರಬೇಕು?

ಭಾಗ್ಯ ಇಲ್ಲದಿರುವುದು ಹಾಗಿರಲಿ, ಹಲಗೆಗೆ ಒಂದು ಊನವೂ ಇದೆ. ದಿಮ್ಮಿಯಿಂದ ಬಿಲ್ಲು ಕೆತ್ತುವವನು ತೊಗಟೆ ತೆಗೆದು, ಮರ ಒಂದು ವರ್ಷದಲ್ಲಿ ಬೆಳೆಸಿಕೊಂಡ ಒಂದು ಉಂಗುರವನ್ನು ತುದಿಯಿಂದ ತುದಿಗೆ ಕಡಿಯದೆ ಬೆನ್ನಾಗಿ ಉಳಿಸಿಕೊಳ್ಳುತ್ತಾನೆ. ಮರ ಡೊಂಕಿದ್ದರೆ ಬಿಲ್ಲೂ ಡೊಂಕಾಗಲಿ ಎಂದು ಬಿಡುತ್ತಾನೆ, ಎಳೆಯನ್ನು ಮಾತ್ರ ತುಂಡರಿಸುವುದಿಲ್ಲ. ಸಾಮಿಲ್ಲಿನ ಗರಗಸಕ್ಕೆ ಆ ದಾಕ್ಷಿಣ್ಯ ಇಲ್ಲ. ನೇರವಾಗಿ ಕೊಯ್ಯುವುದಷ್ಟೇ ಅದಕ್ಕೆ ಗೊತ್ತು. ಎಳೆ ಓರೆಯಾಗಿದ್ದರೆ ಹಲಗೆಯ ಮೈಮೇಲೆ ತುಂಡಾಗಿ ನಿಲ್ಲುತ್ತದೆ. ಬಿಲ್ಲು ಬಾಗಿದಾಗ ಸಿಡಿಯುವುದು ಅಂಥ ಕಡೆಯೇ.

ಎಷ್ಟು ಓರೆ ಎಷ್ಟು ಕೆಡುಕು ಎಂಬುದಕ್ಕೆ ಲೆಕ್ಕವೂ ಇದೆ. ಅಮೆರಿಕದ ವಿಸ್ಕಾನ್‌ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಿಂದ ನಡೆಯುತ್ತಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ಮರದ ಗುಣಗಳ ಕೈಪಿಡಿಯೊಂದನ್ನು ಪ್ರಕಟಿಸುತ್ತದೆ. ಅದರ ಪ್ರಕಾರ ಎಳೆ ಇಪ್ಪತ್ತು ಇಂಚು ಓಡುವಷ್ಟರಲ್ಲಿ ಒಂದಿಂಚು ಪಕ್ಕಕ್ಕೆ ಸರಿದರೆ, ಬಾಗಿಸಿದಾಗ ಮರ ಮುರಿಯದೆ ತಾಳುವ ಶಕ್ತಿ ನೂರಕ್ಕೆ ತೊಂಬತ್ತಮೂರು ಉಳಿಯುತ್ತದೆ. ಹತ್ತಕ್ಕೆ ಒಂದಿಂಚು ಸರಿದರೆ ಎಂಬತ್ತೊಂದು. ಐದಕ್ಕೆ ಒಂದಾದರೆ ಐವತ್ತೈದು. ಕಪಾಟಿಗೆ ಐವತ್ತೈದೂ ಸಾಕು, ಪುಸ್ತಕಗಳು ಜಗಳ ಮಾಡುವುದಿಲ್ಲ. ಬಿಲ್ಲು ಹಾಗಲ್ಲ, ಮರ ಮುರಿಯುವ ಅಂಚಿನವರೆಗೂ ಅದನ್ನು ಬಾಗಿಸಿ ಬಿಡುವ ಸಾಧನ ಅದು.

ಆದ್ದರಿಂದಲೇ ಬಿಲ್ಲಿನ ಹುಚ್ಚು ಹಿಡಿದವನು ಅಂಗಡಿಯಲ್ಲಿ ಒಂದೊಂದೇ ಪಟ್ಟಿಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚಿನಗುಂಟ ನೋಡಿ, ತಿರುಗಿಸಿ, ಮತ್ತೆ ಜಾಗದಲ್ಲಿಡುತ್ತಾನೆ. ರಾಶಿಯಲ್ಲಿ ಒಂದೂ ಒಪ್ಪದೆ ಬರಿಗೈಯಲ್ಲಿ ಹೊರಡುವುದೂ ಉಂಟು. ಅವನು ನೋಡುವುದು ಎರಡು ಸಂಗತಿ. ಅಗಲ ಮೈಯ ಮೇಲೂ ಪಕ್ಕದ ಮೈಯ ಮೇಲೂ ಎಳೆಗೆರೆಗಳು ಈ ತುದಿಯಿಂದ ಆ ತುದಿಗೆ ಅಂಚನ್ನು ದಾಟದೆ ಓಡುತ್ತವೆಯೇ? ಗಂಟು ಇಲ್ಲವೇ? ಬಣ್ಣ, ಹೊಳಪು, ತುದಿಯಲ್ಲಿ ಉಂಗುರಗಳು ಮಲಗಿವೆಯೋ ನಿಂತಿವೆಯೋ ಎಂಬ ಚರ್ಚೆ ಎಲ್ಲ ಆಮೇಲಿನದು.

ಇನ್ನು ವಿನ್ಯಾಸದ ಮಾತು. ಇಲ್ಲಿ ಒಂದು ಸಣ್ಣ ಗಣಿತ ಬರುತ್ತದೆ. ಬಾನುಲಿಯಲ್ಲಿ ಕೇಳಿದರೂ ನೆನಪಿಟ್ಟುಕೊಳ್ಳಬಹುದಾದಷ್ಟು ಸಣ್ಣದು. ಪಟ್ಟಿಯ ಅಗಲವನ್ನು ಎರಡು ಪಟ್ಟು ಮಾಡಿದರೆ ಅದರ ಬಿಗಿ ಎರಡು ಪಟ್ಟಾಗುತ್ತದೆ. ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗಿ ಎಂಟು ಪಟ್ಟು! ಹಾಗಾದರೆ ದಪ್ಪ ಹೆಚ್ಚಿಸುವುದೇ ಲಾಭವಲ್ಲವೇ ಎನಿಸುತ್ತದೆ. ಆದರೆ ಒಂದೇ ಬಾಗಿನಲ್ಲಿ ದಪ್ಪ ಪಟ್ಟಿಯ ಹೊರಮೈ ಹೆಚ್ಚು ಹಿಗ್ಗಬೇಕು, ಒಳಮೈ ಹೆಚ್ಚು ಕುಗ್ಗಬೇಕು. ಪುಸ್ತಕದ ಹಾಳೆಯನ್ನು ಬೆರಳಿಗೆ ಸುತ್ತಬಹುದು, ರಟ್ಟನ್ನು ಸುತ್ತಲು ಹೋದರೆ ಬಿರಿಯುತ್ತದೆ. ಒಂದಿಂಚು ಅಗಲ, ಮುಕ್ಕಾಲಿಂಚು ದಪ್ಪದ ಪಟ್ಟಿಯ ಬದಲು ಎರಡಿಂಚು ಅಗಲದ ಪಟ್ಟಿ ತೆಗೆದುಕೊಂಡರೆ, ಅದೇ ಬಿಗಿಗೆ ಅರ್ಧ ಇಂಚಿಗಿಂತ ಚೂರು ಮೇಲಿನ ದಪ್ಪ ಸಾಕು. ಮರದ ಮೇಲಿನ ಹಿಗ್ಗು ಕುಗ್ಗಿನ ಒತ್ತಡ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ತೂಕ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ, ಅದು ಇದಕ್ಕೆ ತೆರುವ ಬೆಲೆ.

‘ಡಿ’ ಆಕಾರದ ಉಬ್ಬು ಹೊಟ್ಟೆ ಈ ಲೆಕ್ಕದಲ್ಲಿ ಸೋಲುತ್ತದೆ. ಬಾಗಿದಾಗ ಕುಗ್ಗಿನ ಭಾರವೆಲ್ಲ ಉಬ್ಬಿನ ನೆತ್ತಿಯ ಮೇಲೆ ಬೀಳುತ್ತದೆ. ಇಕ್ಕೆಲದ ಮರ ಹೆಚ್ಚು ದುಡಿಯದೆ ಜೊತೆಗೆ ಬರುತ್ತದೆ. ಯೂ ಮರದ ಚೇಗು ಅದನ್ನು ತಾಳಿಕೊಂಡೀತು. ಓಕ್ ಹಲಗೆಯಲ್ಲಿ ನೆತ್ತಿಯ ಎಳೆಗಳು ನುಗ್ಗಾಗಿ, ಬಿಲ್ಲು ಹೆದೆ ಇಳಿಸಿದ ಮೇಲೂ ಬಾಗಿದಂತೆಯೇ ಉಳಿಯುತ್ತದೆ. ಹೀಗೆ ಸೋತ ಬಿಲ್ಲು ಮುರಿಯದಿದ್ದರೂ ಬಾಣಕ್ಕೆ ವೇಗ ಕೊಡುವುದಿಲ್ಲ.

ಅಗಲವಾದ, ಚಪ್ಪಟೆಯಾದ ಬಿಲ್ಲು ಹೊಸ ಶೋಧವೇನಲ್ಲ. ಡೆನ್ಮಾರ್ಕಿನ ಹೋಲ್ಮಗಾರ್ಡ್ ಎಂಬಲ್ಲಿ ಜವುಗು ನೆಲದಿಂದ 1944ರಲ್ಲಿ ಹೊರತೆಗೆದ ಎಲ್ಮ್ ಮರದ ಬಿಲ್ಲುಗಳಿಗೆ ಸುಮಾರು ಒಂಬತ್ತು ಸಾವಿರ ವರ್ಷ ವಯಸ್ಸು. ಅವುಗಳ ತೋಳು, ಅಂದರೆ ಹಿಡಿಯ ಎರಡೂ ಬದಿಯಲ್ಲಿ ಬಾಗುವ ಭಾಗ, ಅಗಲ; ಹಿಡಿ ಕಿರಿದು. ಎಲ್ಮ್ ಬಳಸಿದವರು ಎಲ್ಮ್‌ಗೆ ತಕ್ಕಂತೆ ಕೆತ್ತಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಡ್‌ಬರಿ ಎಂಬ ಊರಿನಲ್ಲಿ 1660ರಲ್ಲಿ ಮೂಲನಿವಾಸಿಯೊಬ್ಬನನ್ನು ಕೊಂದ ವಲಸೆಗಾರನೊಬ್ಬ ಅವನ ಬಿಲ್ಲನ್ನು ಇಟ್ಟುಕೊಂಡನೆಂದು ದಾಖಲೆ ಹೇಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಡಿ ವಸ್ತುಸಂಗ್ರಹಾಲಯದಲ್ಲಿ ಆ ಬಿಲ್ಲು ಈಗಲೂ ಇದೆ. ಹಿಕರಿ ಮರ, ಚಪ್ಪಟೆ ತೋಳು. ಮಾಡಿದವನ ಹೆಸರು ಯಾರಿಗೂ ಬೇಕಾಗಲಿಲ್ಲ. ಅವನ ಬಿಲ್ಲಿನ ನಕಲನ್ನು ಮಾತ್ರ ಇಂದಿಗೂ ಮಾಡುತ್ತಾರೆ.

ಆದರೆ ಆ ಮೂಲನಿವಾಸಿಗಳ ಜಾಣ್ಮೆಯನ್ನು ಒಪ್ಪಿಕೊಳ್ಳಲು ಬಿಳಿಯ ಬಿಲ್ಲುಗಾರರಿಗೆ ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದೂ ಮೂಲನಿವಾಸಿಗಳ ಮಾತಿನಿಂದಲ್ಲ, ಭೌತವಿಜ್ಞಾನಿಗಳ ಮಾತಿನಿಂದ. ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾರೆನ್ಸ್ ಹಿಕ್‌ಮನ್ ರಾಕೆಟ್ ತಜ್ಞ ರಾಬರ್ಟ್ ಗೊಡಾರ್ಡರ ಜೊತೆ ಕೆಲಸ ಮಾಡಿ ಬಂದವರು. 1930ರ ದಶಕದಲ್ಲಿ ಅವರು, ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಮತ್ತು ಎಂಜಿನಿಯರ್ ಫಾರೆಸ್ಟ್ ನಾಗ್ಲರ್ ಬಿಲ್ಲನ್ನು ಯಂತ್ರದಂತೆ ಕಂಡು ಅಳೆದರು, ಲೆಕ್ಕ ಹಾಕಿದರು. ಮೂವರ ಬರಹಗಳು 1947ರಲ್ಲಿ ‘ಆರ್ಚರಿ: ದಿ ಟೆಕ್ನಿಕಲ್ ಸೈಡ್’ ಎಂಬ ಪುಸ್ತಕವಾಗಿ ಒಟ್ಟಿಗೆ ಬಂದವು. ಉಬ್ಬು ಹೊಟ್ಟೆಗಿಂತ ಆಯತಾಕಾರದ ಚಪ್ಪಟೆ ತೋಳೇ ಮೇಲು ಎಂಬುದು ಆ ಲೆಕ್ಕದ ಫಲ. ಇಂಗ್ಲಿಷ್ ಮಾದರಿಗೆ ಮಾರುಹೋಗಿದ್ದ ಬಿಲ್ಲುಗಾರರು ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಚಪ್ಪಟೆ ಬಿಲ್ಲಿನ ಕಡೆಗೆ ತಿರುಗಿದರು.

ಚಪ್ಪಟೆ ಬಿಲ್ಲುಗಳಲ್ಲೇ ಹಲಗೆಗೆ ಹೇಳಿ ಮಾಡಿಸಿದಂತಿರುವುದು ‘ಪಿರಮಿಡ್’ ಎಂದು ಕರೆಯುವ ವಿನ್ಯಾಸ. ಹಿಡಿಯ ಪಕ್ಕದಲ್ಲಿ ಸುಮಾರು ಎರಡಿಂಚು ಅಗಲ. ಅಲ್ಲಿಂದ ನೇರಗೆರೆಯಲ್ಲಿ ಕಿರಿದಾಗುತ್ತ ತುದಿಯಲ್ಲಿ ಅರ್ಧ ಇಂಚು. ದಪ್ಪ ಮಾತ್ರ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ, ಅರ್ಧ ಇಂಚಿನ ಆಸುಪಾಸು. ಹೆದೆ ತೋಳನ್ನು ಹಿಡಿದು ಎಳೆಯುವುದು ತುದಿಯಲ್ಲಿ. ಬಾಗಿಸುವ ಬಲದ ಪರಿಣಾಮ ತುದಿಯಲ್ಲಿ ಸೊನ್ನೆ, ಹಿಡಿಯ ಕಡೆಗೆ ಬಂದಂತೆ ಸಮನಾಗಿ ಏರುತ್ತದೆ. ಅಗಲವೂ ಅದೇ ಹದದಲ್ಲಿ ಏರಿದರೆ ತೋಳಿನ ಪ್ರತಿ ಇಂಚೂ ಸಮಪಾಲು ದುಡಿದು, ಬಾಗು ವೃತ್ತದ ತುಂಡಿನಂತೆ ಕಾಣುತ್ತದೆ.

ಈ ತತ್ವವನ್ನು ಕಾಣಬೇಕೆಂದರೆ ಹೆದ್ದಾರಿಯ ಬದಿಯಲ್ಲಿ ನಿಂತ ಲಾರಿಯ ಕೆಳಗೆ ಬಗ್ಗಿ ನೋಡಿದರೆ ಸಾಕು. ಚಕ್ರದ ಮೇಲೆ ಒಂದರ ಕೆಳಗೊಂದು ಚಿಕ್ಕದಾಗುತ್ತ ಹೋಗುವ ಉಕ್ಕಿನ ಪಟ್ಟಿಗಳನ್ನು ಮೆಕ್ಯಾನಿಕ್ಕುಗಳು ಕಮಾನ್ ಪಟ್ಟಿ ಎನ್ನುತ್ತಾರೆ. ಒಂದು ದೊಡ್ಡ ತ್ರಿಕೋನದ ತಗಡನ್ನು ಉದ್ದುದ್ದ ಸೀಳಿ ಒಂದರ ಮೇಲೊಂದು ಪೇರಿಸಿದರೆ ಆಗುವುದೇ ಅದು, ಎಂಜಿನಿಯರಿಂಗ್ ಪಾಠದಲ್ಲೂ ಹಾಗೆಯೇ ವಿವರಿಸುತ್ತಾರೆ. ಪಿರಮಿಡ್ ಬಿಲ್ಲಿನ ತೋಳು ಎಂದರೆ ಸೀಳದೆ ಬಿಟ್ಟ ಅದೇ ತ್ರಿಕೋನ. ಕಮಾನು ಎಂಬ ಮಾತಿಗೆ ಮೂಲವಾದ ಪಾರ್ಸಿ ಪದದ ಅರ್ಥವೂ ಬಿಲ್ಲು ಎಂದೇ.

ಆದರೆ ತಂದ ಪಟ್ಟಿ ಒಂದೂವರೆ ಇಂಚಿನದೇ ಆಗಿದ್ದರೆ? ಎರಡಿಂಚಿನ ಪಿರಮಿಡ್ ಅದರಲ್ಲಿ ಹುಟ್ಟದು. ಆಗ ಅಗಲದ ಕೊರತೆಯನ್ನು ಉದ್ದದಿಂದ ತುಂಬಿಸಬೇಕು, ಬಲದ ಆಸೆಯನ್ನು ತಗ್ಗಿಸಬೇಕು. ಆರಡಿಯ ಪಟ್ಟಿಯನ್ನು ಪೂರ್ತಿ ಉಳಿಸಿಕೊಂಡು, ತೋಳಿನ ಮೊದಲರ್ಧ ಪೂರ್ಣ ಅಗಲ ಇಟ್ಟು, ಆಮೇಲೆ ತುದಿಗೆ ಕಿರಿದು ಮಾಡಿ, ದಪ್ಪವನ್ನೂ ತುದಿಯತ್ತ ಇಳಿಸುತ್ತ ಹೋದರೆ ಮೂವತ್ತೈದು ಪೌಂಡಿನ ಒಳ್ಳೆಯ ಬಿಲ್ಲಾಗುತ್ತದೆ. ಇದೇ ಪಟ್ಟಿಯಲ್ಲಿ ಅರವತ್ತು ಪೌಂಡಿನ ಬಿಲ್ಲು ಬೇಕೆಂದು ಹಟ ಹಿಡಿದರೆ ಚಳಿಗಾಲಕ್ಕೆ ಸೌದೆ ಸಿಗುತ್ತದೆ.

ಉದ್ದಕ್ಕೆ ಬಿಲ್ಲುಗಾರರ ಬಾಯಲ್ಲೊಂದು ಸುಲಭ ಲೆಕ್ಕವಿದೆ. ಹಿಡಿಯೂ ಸೇರಿ ಇಡೀ ಬಿಲ್ಲು ಬಾಗುವುದಾದರೆ, ಬಾಣವನ್ನು ಎಳೆಯುವ ದೂರದ ಎರಡು ಪಟ್ಟು, ಅದರ ಮೇಲೆ ನೂರಕ್ಕೆ ಹತ್ತು. ಹಿಡಿ ಬಾಗದ ಗಟ್ಟಿ ಬಿಲ್ಲಾದರೆ ಇನ್ನೂ ಕೆಲವು ಇಂಚು. ಇಪ್ಪತ್ತೆಂಟು ಇಂಚು ಎಳೆಯುವವನಿಗೆ ಅರವತ್ತಾರರಿಂದ ಅರವತ್ತೆಂಟು ಇಂಚಿನ ಬಿಲ್ಲು ಹೊಂದುತ್ತದೆ. ಹಿಡಿಯನ್ನು ಕಿರಿದಾಗಿಯೂ ಗಟ್ಟಿಯಾಗಿಯೂ ಇಡಲು ಮುಕ್ಕಾಲಿಂಚಿನ ಹಲಗೆಯ ಹೊಟ್ಟೆಗೆ ನಡುವೆ ಎಂಟು ಹತ್ತು ಇಂಚು ಉದ್ದದ ಒಂದು ಮರದ ತುಂಡನ್ನು ಅಂಟಿಸುತ್ತಾರೆ. ಅದರ ಎರಡೂ ಕೊನೆಗಳು ನುಣ್ಣಗೆ ಇಳಿಜಾರಾಗಿ ತೋಳಿನಲ್ಲಿ ಕರಗಬೇಕು. ಮೆಟ್ಟಿಲಿನಂತೆ ನಿಂತರೆ ಬಾಗಿದಾಗ ಅಂಟು ಬಿಟ್ಟು ಟಪ್ಪೆಂದು ಏಳುತ್ತದೆ.

ಎಳೆಯ ಬಗ್ಗೆ ಪೂರ್ತಿ ಧೈರ್ಯ ಇಲ್ಲದವರು ಬೆನ್ನಿಗೆ ಏನಾದರೂ ಹೊದಿಸುತ್ತಾರೆ: ಹಸಿ ಚರ್ಮ, ನಾರುಬಟ್ಟೆ, ರೇಷ್ಮೆ, ಅಥವಾ ಹಿಕರಿಯ ತೆಳು ಪಟ್ಟಿ. ಎದ್ದ ಸಿಬಿರನ್ನು ಬಟ್ಟೆ ಅದುಮಿ ಹಿಡಿಯುತ್ತದೆ, ಆದರೆ ಕೆಟ್ಟ ಹಲಗೆಯನ್ನು ಒಳ್ಳೆಯದು ಮಾಡುವುದಿಲ್ಲ. ಹಿಮ್ಮುಖವಾಗಿ ಬಾಗಿದ ತುದಿಗಳ ರಿಕರ್ವ್ ಬಿಲ್ಲು ನೋಡಲು ಚೆಂದ. ಆದರೆ ತುದಿಗೆ ಹಬೆ ಕೊಟ್ಟು ಬಾಗಿಸುವುದು, ಪದರ ಪದರ ಅಂಟಿಸುವುದು, ತೋಳು ತಿರುಚದಂತೆ ಕಾಯುವುದು ಎಲ್ಲ ಅದಕ್ಕೆ ಬೇಕು. ಮೊದಲ ಹಲಗೆಯಲ್ಲಿ ಆ ಸಾಹಸ ಬೇಡ.

ಕರ್ನಾಟಕದಲ್ಲಿ ಕೂತು ಇದನ್ನೆಲ್ಲ ಕೇಳುವವರಿಗೆ ರೆಡ್ ಓಕ್ ಎಲ್ಲಿಂದ ತರುವುದು ಎನ್ನಿಸುವುದು ಸಹಜ. ತರಬೇಕಾಗಿಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ತಡಸಲು ಎಂಬ ಮರವಿದೆ. ಗಟ್ಟಿ, ಆದರೆ ಬಳುಕುವ ಮರ. ಉಪಕರಣಗಳ ಹಿಡಿಗೆ ಹೆಸರುವಾಸಿ. ಸಂಸ್ಕೃತದಲ್ಲಿ ಅದಕ್ಕೆ ಧನುರ್ವೃಕ್ಷ ಎಂಬ ಹೆಸರಿದೆ, ಬಿಲ್ಲಿನ ಮರ ಎಂದೇ ಅರ್ಥ. ಕೊಡಲಿಯ ಕಾವು ಪ್ರತಿ ಏಟಿಗೂ ಅದುರಿ ಬಾಗಿ ಮತ್ತೆ ನೇರವಾಗಬೇಕು. ಬಿಲ್ಲಿಗೆ ಬೇಕಾದದ್ದೂ ಆ ಗುಣವೇ. ತೇಗ, ಹೊನ್ನೆ ಎಂದು ಬೆಲೆ ನೋಡಿ ಮರ ಆರಿಸುವುದಕ್ಕಿಂತ, ಊರಿನ ಆಚಾರಿ ಕಾವಿಗೆ ಯಾವ ಮರ ಹಾಕುತ್ತಾನೆ ಎಂದು ಕೇಳುವುದು ವಾಸಿ.

ಬಿದಿರಂತೂ ಇದ್ದೇ ಇದೆ. ಅದರ ಗಟ್ಟಿ ನಾರುಗಳು ಹಸಿರು ಸಿಪ್ಪೆಯ ಹತ್ತಿರ ಒತ್ತಾಗಿರುತ್ತವೆ. ಆದ್ದರಿಂದ ಸಿಪ್ಪೆಯ ಮೈಯನ್ನು ಮುಟ್ಟದೆ ಬೆನ್ನಾಗಿ ಬಿಟ್ಟು ಒಳಮೈಯನ್ನಷ್ಟೇ ಕೆರೆಯುತ್ತಾರೆ. ಹಲಗೆಯಲ್ಲಿ ಇಲ್ಲದ ಅಖಂಡ ಬೆನ್ನು ಇಲ್ಲಿ ಪುಕ್ಕಟೆ. ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ಬಗೆಯ ಬಿಲ್ಲುಗಳನ್ನು ಹೇಳುತ್ತದೆ. ಅಲೆಕ್ಸಾಂಡರನ ಕಾಲದ ಭಾರತದ ಕಾಲಾಳುಗಳು ಆಳೆತ್ತರದ ಬಿಲ್ಲನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರೆಂದು ಗ್ರೀಕ್ ಲೇಖಕ ಏರಿಯನ್ ಬರೆದಿದ್ದಾನೆ. ಅಷ್ಟು ಉದ್ದದ ಬಿಲ್ಲಿನಲ್ಲಿ ಮರದ ಒಂದೊಂದು ಇಂಚಿನ ಮೇಲೂ ಬೀಳುವ ಬಾಗಿನ ಹೊರೆ ಕಡಿಮೆ ಎಂಬುದನ್ನು ಈಗ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ ಕರಾವಳಿಯವರಿಗೆ. ಬಿಲ್ಲಿನ ಮರದಲ್ಲಿ ನೀರಿನ ಅಂಶ ನೂರಕ್ಕೆ ಎಂಟರಿಂದ ಹತ್ತಿದ್ದರೆ ಚೆನ್ನ. ಮಂಗಳೂರಿನ ಆಷಾಢದಲ್ಲಿ ಮರ ತಾನಾಗಿ ಅದಕ್ಕಿಂತ ಬಹಳ ಹೆಚ್ಚು ಕುಡಿಯುತ್ತದೆ, ಹೊಟ್ಟೆ ಮೆತ್ತಗಾಗಿ ಬಿಲ್ಲು ಬಾಗಿದಂತೆಯೇ ಉಳಿಯುತ್ತದೆ. ಕೆಲಸವನ್ನು ಬೇಸಿಗೆಗೆ ಇಟ್ಟುಕೊಂಡು, ಮುಗಿದ ಬಿಲ್ಲಿಗೆ ಒಳ್ಳೆಯ ವಾರ್ನಿಷ್ ಬಳಿಯುವುದು ಕ್ಷೇಮ.

ಆಕಾರ ಗೊತ್ತಾದ ಮೇಲೆ ಹಲಗೆಯ ಮೇಲೆ ಸೀಸದಕಡ್ಡಿಯಿಂದ ನಡುಗೆರೆ ಎಳೆಯುತ್ತಾರೆ. ಅಂಚಿಗೆ ಸಮನಾಗಿ ಅಲ್ಲ, ಎಳೆಗೆ ಸಮನಾಗಿ. ಆಮೇಲೆ ಗರಗಸ, ತೋಪಡ, ಅರ, ಉಪ್ಪುಕಾಗದ. ಬಿಲ್ಲನ್ನು ಗೋಡೆಯ ಮೊಳೆಗೆ ಹಿಡಿಯಿಂದ ತೂಗುಹಾಕಿ, ಹೆದೆಗೆ ಕಟ್ಟಿದ ಹಗ್ಗವನ್ನು ರಾಟೆಯಲ್ಲಿ ಹಾಯಿಸಿ, ಕೋಣೆಯ ಆಚೆ ಬದಿಯಲ್ಲಿ ನಿಂತು ಮೆಲ್ಲಗೆ ಎಳೆದು ನೋಡುತ್ತಾರೆ. ದೂರ ನಿಲ್ಲುವುದು ಬಾಗನ್ನು ಸರಿಯಾಗಿ ಕಾಣಲು, ಮುರಿದರೆ ಚೂರು ಕಣ್ಣಿಗೆ ಬಡಿಯದಿರಲು. ಕನ್ನಡಕ ಹಾಕಿಕೊಂಡರೆ ಇನ್ನೂ ಮೇಲು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವ ತಮಾಷೆಯಂತೂ ಕೂಡದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಮರಕ್ಕೇ ಮರಳಿ ಅದನ್ನು ಸೀಳುತ್ತದೆ.

ಬಲಗಡೆಯ ತೋಳು ಸೆಟೆದಿದ್ದರೆ ಅಲ್ಲಿ ಹೊಟ್ಟೆಯಿಂದ ಹತ್ತು ಸಲ ಕೆರೆಯುವುದು, ಮೂವತ್ತು ಸಲ ಮೆಲ್ಲಗೆ ಎಳೆಯುವುದು, ಮತ್ತೆ ತೂಗುಹಾಕಿ ನೋಡುವುದು. ಒಂದಿಡೀ ಭಾನುವಾರ ಇದರಲ್ಲೇ ಕಳೆಯುತ್ತದೆ. ನಲವತ್ತು ಪೌಂಡು ಬೇಕೆಂದು ಹೊರಟವನು ಕೆರೆಯುತ್ತ ಕೆರೆಯುತ್ತ ಮೂವತ್ತನಾಲ್ಕಕ್ಕೆ ಬಂದು ನಿಲ್ಲುವುದು ಬಹಳ ಸಾಮಾನ್ಯ. ಅದಕ್ಕೂ ಒಂದು ದಾರಿ ಇದೆ. ಎರಡೂ ತುದಿಗಳಿಂದ ತಲಾ ಒಂದಿಂಚು ಕತ್ತರಿಸಿ, ಅರದಿಂದ ಹೊಸ ಕೊಪ್ಪು ಕೊರೆದು, ಹೆದೆಯನ್ನು ಗಿಡ್ಡ ಮಾಡಿ ಏರಿಸಿದರೆ ಕೈಗೆ ಕೆಲವು ಪೌಂಡು ವಾಪಸು ಬರುತ್ತದೆ.